ಜೊಲ್ಲಿನಲ್ಲಿ ರೋಗದ ಸುಳಿವು: ಗಡಿಯ ಕನ್ನಡ ಊರುಗಳಿಗೆ ಈ ವಿಜ್ಞಾನ ಎಂದು ತಲುಪೀತು?

ಬಾಯಿಯ ಕ್ಯಾನ್ಸರು ಕಣ್ಣಿಗೆ ಕಾಣುವ ರೋಗ. ಹೊಟ್ಟೆಯೊಳಗಿನ ಗಡ್ಡೆಯಂತೆ ಅದು ವರ್ಷಗಟ್ಟಲೆ ಅಡಗಿ ಕುಳಿತಿರುವುದಿಲ್ಲ. ಬಾಯಿ ತೆರೆದು, ನಾಲಿಗೆ ಎತ್ತಿ, ಕೆನ್ನೆಯನ್ನು ಬೆರಳಿನಿಂದ ಸರಿಸಿದರೆ ಸಾಕು, ಅದರ ಮುನ್ಸೂಚನೆ ಕಾಣಿಸುತ್ತದೆ. ಹಾಗಿದ್ದರೂ ನಮ್ಮ ದೇಶದಲ್ಲಿ ಈ ರೋಗಕ್ಕೆ ತುತ್ತಾದವರಲ್ಲಿ ಬಹುಪಾಲು ಮಂದಿ ಆಸ್ಪತ್ರೆಯ ಮೆಟ್ಟಿಲೇರುವುದು ರೋಗ ಬಲಿತ ಮೇಲೆ, ಅನ್ನ ನುಂಗಲಾಗದೆ ಹೋದ ಮೇಲೆ, ಕೊರಳಲ್ಲಿ ಗಂಟು ಎದ್ದ ಮೇಲೆ.

ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ತುಟಿ ಮತ್ತು ಬಾಯಿಯ ಕ್ಯಾನ್ಸರು ಹೊಸದಾಗಿ ಕಂಡುಬಂದವರು ಸುಮಾರು 3 ಲಕ್ಷ 90 ಸಾವಿರ ಮಂದಿ. ಇವರಲ್ಲಿ 1 ಲಕ್ಷ 43 ಸಾವಿರಕ್ಕೂ ಹೆಚ್ಚು ಜನ ಭಾರತೀಯರು. ಅದೇ ವರ್ಷ ನಮ್ಮಲ್ಲಿ ಈ ರೋಗದಿಂದ ಸತ್ತವರು ಸುಮಾರು 80 ಸಾವಿರ. ಜಗತ್ತಿನ ಮೂರು ರೋಗಿಗಳಲ್ಲಿ ಒಬ್ಬರಿಗಿಂತಲೂ ಹೆಚ್ಚು ನಮ್ಮವರೇ ಎಂದರೆ ಇದು ದೂರದ ಸುದ್ದಿಯಲ್ಲ, ನಮ್ಮ ಜಗಲಿಯ ಸುದ್ದಿ.

ಈ ರೋಗವನ್ನು ಕಣ್ಣಿಗೆ ಕಾಣುವುದಕ್ಕೂ ಮೊದಲೇ, ಒಂದು ಚಮಚ ಜೊಲ್ಲಿನಿಂದ ಕಂಡುಹಿಡಿಯಬಹುದೇ ಎಂಬ ಪ್ರಶ್ನೆಯನ್ನು ಕಳೆದ ಎರಡು ದಶಕಗಳಿಂದ ವಿಜ್ಞಾನಿಗಳು ಬೆನ್ನಟ್ಟಿದ್ದಾರೆ. ಮಣಿಪಾಲ, ಮಂಗಳೂರು, ಬೆಂಗಳೂರುಗಳ ಪ್ರಯೋಗಶಾಲೆಗಳೂ ಈ ಕಾರ್ಯದಲ್ಲಿವೆ. ಆ ಕೆಲಸ ಎಲ್ಲಿಯ ತನಕ ಬಂದಿದೆ, ನಾರಾಯಣಪೇಟೆ, ಮಕ್ತಲ್, ಗದ್ವಾಲದಂತಹ ಊರುಗಳ ಕನ್ನಡ ಮನೆಗಳಿಗೆ ಅದರಿಂದ ಏನು ದೊರೆತೀತು ಎಂಬುದನ್ನು ಇಲ್ಲಿ ನೋಡೋಣ.

ಒಂದೇ ಕಾಯಿದೆಯ ಮಕ್ಕಳು

ತೆಲಂಗಾಣದ ಊರುಗಳ ಮಾತು ಕಾಸರಗೋಡಿನ ಪತ್ರಿಕೆಗೆ ಏಕೆ ಎಂದು ಓದುಗರು ಕೇಳಬಹುದು. ಉತ್ತರ 1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆಯಲ್ಲಿದೆ. ಹೊಸ ಮೈಸೂರು ರಾಜ್ಯಕ್ಕೆ ಯಾವ ಯಾವ ಪ್ರದೇಶ ಸೇರಬೇಕೆಂದು ಹೇಳುವ ಆ ಕಾಯಿದೆ, ದಕ್ಷಿಣ ಕನ್ನಡ ಜಿಲ್ಲೆಯನ್ನು ಕೊಡುವಾಗ ಕಾಸರಗೋಡು ತಾಲೂಕನ್ನು ಹೊರಗಿಟ್ಟಿತು. ರಾಯಚೂರು ಜಿಲ್ಲೆಯನ್ನು ಕೊಡುವಾಗ ಗದ್ವಾಲ ಮತ್ತು ಆಲಂಪುರ ತಾಲೂಕುಗಳನ್ನು ಹೊರಗಿಟ್ಟಿತು. ನಾವು ಕೇರಳಕ್ಕೆ ಬಂದೆವು, ಅವರು ಆಂಧ್ರಕ್ಕೆ ಹೋದರು. ನಾರಾಯಣಪೇಟೆ, ಮಕ್ತಲ್ ಮೊದಲಿನಿಂದಲೂ ಮಹಬೂಬನಗರ ಜಿಲ್ಲೆಯಲ್ಲಿದ್ದವು. 2014ರಲ್ಲಿ ತೆಲಂಗಾಣ ರಾಜ್ಯ ಹುಟ್ಟಿತು. 2016ರಲ್ಲಿ ಗದ್ವಾಲವೂ 2019ರಲ್ಲಿ ನಾರಾಯಣಪೇಟೆಯೂ ಜಿಲ್ಲಾ ಕೇಂದ್ರಗಳಾದವು. ಮಕ್ತಲ್ ಈಗ ನಾರಾಯಣಪೇಟೆ ಜಿಲ್ಲೆಗೆ ಸೇರಿದೆ.

ನಾರಾಯಣಪೇಟೆಯ ಸೀರೆ, ಗದ್ವಾಲದ ಸೀರೆ ನಮ್ಮ ಹೆಣ್ಣುಮಕ್ಕಳಿಗೆ ಹೆಸರಿನಿಂದಲಾದರೂ ಪರಿಚಿತ. ಆ ಸೀಮೆಯಲ್ಲಿ, ಅದರಲ್ಲೂ ಕೃಷ್ಣಾ ನದಿಯ ಅಂಚಿನ ಹಳ್ಳಿಗಳಲ್ಲಿ, ಮನೆಮಾತು ಕನ್ನಡವಾಗಿರುವ ಕುಟುಂಬಗಳಿವೆ ಎಂಬುದು ಎಲ್ಲರಿಗೂ ತಿಳಿದಿರಲಾರದು. ನದಿ ದಾಟಿದರೆ ರಾಯಚೂರು. ನೆಂಟಸ್ತಿಕೆ, ಸಂತೆ, ಜಾತ್ರೆ ಎಲ್ಲ ಆ ಕಡೆಗೂ ಈ ಕಡೆಗೂ ನಡೆಯುತ್ತವೆ. ಆದರೆ ಸರಕಾರದ ಕಾಗದ ತೆಲುಗಿನಲ್ಲಿ, ಆಸ್ಪತ್ರೆಯ ಚೀಟಿ ಇಂಗ್ಲಿಷಿನಲ್ಲಿ. ಕ್ಯಾನ್ಸರಿಗೆ ಸರಕಾರಿ ದೊಡ್ಡಾಸ್ಪತ್ರೆಯೆಂದರೆ ನೂರೈವತ್ತು ಕಿಲೋಮೀಟರಿಗೂ ದೂರದ ಹೈದರಾಬಾದಿನಲ್ಲಿರುವ, ಮೆಹದಿ ನವಾಜ್ ಜಂಗ್ ಹೆಸರಿನ ಸಂಸ್ಥೆ. ಕರ್ನಾಟಕದ ಕಡೆ ನೋಡಿದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಶಾಖೆ ಕಲಬುರಗಿಯಲ್ಲಿದೆ, ಆದರೆ ಅದು ಬೇರೆ ರಾಜ್ಯ. ಒಂದು ರಾಜ್ಯದ ಆರೋಗ್ಯ ಯೋಜನೆಯ ಕಾರ್ಡು ಇನ್ನೊಂದು ರಾಜ್ಯದಲ್ಲಿ ಸುಲಭವಾಗಿ ಸಲ್ಲುವುದಿಲ್ಲವೆಂಬುದನ್ನು ಮಂಗಳೂರಿನ ಆಸ್ಪತ್ರೆಗಳಿಗೆ ಅಲೆದಾಡುವ ನಮ್ಮ ಜನರಿಗೆ ಬೇರೆ ಹೇಳಬೇಕಾಗಿಲ್ಲ.

ಪ್ರೋಟೀನು ಹೇಳುವ ಕತೆ

ನಮ್ಮ ದೇಹದ ಪ್ರತಿಯೊಂದು ಜೀವಕೋಶವೂ ಒಂದು ಪುಟ್ಟ ಕಾರ್ಖಾನೆ. ಅಲ್ಲಿ ಕೆಲಸ ಮಾಡುವ ಆಳುಗಳೇ ಪ್ರೋಟೀನುಗಳು. ಹಳೆಯ ಪಠ್ಯಪುಸ್ತಕಗಳು ಸಸಾರಜನಕ ಎನ್ನುತ್ತಿದ್ದುದು ಇವನ್ನೇ. ಕಟ್ಟುವುದು, ಕೆಡವುವುದು, ಸುದ್ದಿ ಮುಟ್ಟಿಸುವುದು, ಗಾಯ ಮಾಯಿಸುವುದು ಎಲ್ಲ ಅವುಗಳದೇ ಕೆಲಸ. ಜೀವಕೋಶ ಕ್ಯಾನ್ಸರಿನ ದಾರಿ ಹಿಡಿದಾಗ ಈ ಆಳುಗಳ ಹಾಜರಿಪಟ್ಟಿ ಬದಲಾಗುತ್ತದೆ. ಕೆಲವು ಪ್ರೋಟೀನುಗಳು ಬೇಕಾದುದಕ್ಕಿಂತ ಹೆಚ್ಚು ಹುಟ್ಟುತ್ತವೆ, ಕೆಲವು ಕಡಿಮೆಯಾಗುತ್ತವೆ. ಪಕ್ಕದ ಅಂಗಾಂಶವನ್ನು ಕೊರೆದು ದಾರಿ ಮಾಡಿಕೊಳ್ಳುವಂತಹವು ಹೊರಗೆ ಸ್ರವಿಸತೊಡಗುತ್ತವೆ. ಈ ಬದಲಾವಣೆ ಹುಣ್ಣು ಕಾಣಿಸಿಕೊಳ್ಳುವುದಕ್ಕೆ ಮೊದಲೇ ಆರಂಭವಾಗಬಹುದು. ರೋಗದ ಸುಳಿವು ಕೊಡುವ ಇಂತಹ ಪ್ರೋಟೀನನ್ನು ಜೈವಿಕ ಸೂಚಕ ಎನ್ನುತ್ತಾರೆ.

ಬಾಯಿಯ ಕ್ಯಾನ್ಸರಿನ ಮಟ್ಟಿಗೆ ಜೊಲ್ಲೇ ಸೂಕ್ತವಾದ ಸಾಕ್ಷಿ. ಅದು ರೋಗದ ಜಾಗವನ್ನು ಹಗಲಿರುಳು ತೊಳೆಯುತ್ತಿರುತ್ತದೆ. ಸೂಜಿ ಚುಚ್ಚಬೇಕಾಗಿಲ್ಲ, ರಕ್ತ ತೆಗೆಯಬೇಕಾಗಿಲ್ಲ. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಕೂಡಿ 2008ರಲ್ಲಿ ಮನುಷ್ಯನ ಜೊಲ್ಲಿನಲ್ಲಿ 1166 ಬಗೆಯ ಪ್ರೋಟೀನುಗಳನ್ನು ಪಟ್ಟಿ ಮಾಡಿದರು.

ಇವನ್ನು ಗುರುತಿಸುವ ಕ್ರಮವೂ ಕುತೂಹಲಕರ. ಪ್ರೋಟೀನುಗಳನ್ನು ಟ್ರಿಪ್ಸಿನ್ ಎಂಬ ಕಿಣ್ವದಿಂದ ಸಣ್ಣ ತುಂಡುಗಳಾಗಿ ಕತ್ತರಿಸುತ್ತಾರೆ. ಆ ತುಂಡುಗಳಿಗೆ ವಿದ್ಯುದಂಶ ತುಂಬಿ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರದೊಳಕ್ಕೆ ಹಾರಿಸುತ್ತಾರೆ. ಯಂತ್ರ ಪ್ರತಿಯೊಂದು ತುಂಡಿನ ತೂಕವನ್ನು ಕರಾರುವಾಕ್ಕಾಗಿ ಹೇಳುತ್ತದೆ. ತೂಕಗಳ ಪಟ್ಟಿಯಿಂದ ಮೂಲ ಪ್ರೋಟೀನು ಯಾವುದೆಂದು ಗಣಕಯಂತ್ರ ಲೆಕ್ಕ ಹಾಕುತ್ತದೆ. ಮುರಿದ ಮಡಕೆಯ ಚೂರುಗಳನ್ನು ನೋಡಿ ಅದು ಯಾವ ಕುಂಬಾರನ ಮಡಕೆಯೆಂದು ಹೇಳಿದಂತೆ. ರೋಗಿಗಳ ಜೊಲ್ಲನ್ನೂ ಆರೋಗ್ಯವಂತರ ಜೊಲ್ಲನ್ನೂ ಹೀಗೆ ಹೋಲಿಸಿದಾಗ ವ್ಯತ್ಯಾಸ ತೋರುವ ಪ್ರೋಟೀನುಗಳು ಸಿಗುತ್ತವೆ.

ಕಂಡುಕೊಂಡದ್ದು ಏನು

ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಶೆನ್ ಹು, ಡೇವಿಡ್ ವಾಂಗ್ ಮತ್ತು ಅವರ ಸಂಗಡಿಗರು 2008ರಲ್ಲಿ ಐದು ಪ್ರೋಟೀನುಗಳ ಒಂದು ಗುಂಪನ್ನು ಪ್ರಕಟಿಸಿದರು. ಅವರ ಪರೀಕ್ಷೆಯಲ್ಲಿ 100 ರೋಗಿಗಳ ಪೈಕಿ 90 ಮಂದಿಯನ್ನು ಅದು ಸರಿಯಾಗಿ ಹಿಡಿಯಿತು. 100 ಮಂದಿ ನಿರೋಗಿಗಳ ಪೈಕಿ 83 ಮಂದಿಯನ್ನು ನಿರೋಗಿಗಳೆಂದು ಹೇಳಿತು. ಅದೇ ವರ್ಷ ರಂಜು ರಲ್ಹನ್ ಅವರನ್ನೊಳಗೊಂಡ ದಿಲ್ಲಿ ಮತ್ತು ಕೆನಡಾದ ಟೊರಾಂಟೊದ ತಂಡ, ತಲೆ ಮತ್ತು ಕೊರಳಿನ ಕ್ಯಾನ್ಸರಿನ ಅಂಗಾಂಶದಲ್ಲಿ ಹೆಚ್ಚಾಗುವ ಮೂರು ಪ್ರೋಟೀನುಗಳ ಗುಂಪನ್ನು ತೋರಿಸಿತು.

ನಮಗೆ ಹೆಚ್ಚು ಹತ್ತಿರದ ಉದಾಹರಣೆ ತೈವಾನಿನದು. ಅಲ್ಲಿಯೂ ಅಡಿಕೆ ಜಗಿಯುವ ಚಟ ವ್ಯಾಪಕ. ಅಲ್ಲಿನ ಸಂಶೋಧಕರು 2016ರಲ್ಲಿ, ಅಡಿಕೆ ಮತ್ತು ಬೀಡಿ ಸಿಗರೇಟುಗಳಿಂದ ಅಪಾಯದ ಅಂಚಿನಲ್ಲಿದ್ದ ಜನರ ನಡುವೆಯೇ ಪರೀಕ್ಷೆ ನಡೆಸಿ ನಾಲ್ಕು ಪ್ರೋಟೀನುಗಳ ಗುಂಪನ್ನು ಪ್ರಕಟಿಸಿದರು. ರೋಗವಿದ್ದವರನ್ನು ಹಿಡಿಯುವಲ್ಲಿ ಶೇಕಡಾ 87.5, ಇಲ್ಲದವರನ್ನು ಬಿಡುವಲ್ಲಿ ಶೇಕಡಾ 80.5 ಯಶಸ್ಸು ದೊರೆಯಿತು.

ನಮ್ಮ ನೆರೆಯ ಮಣಿಪಾಲ ಈ ದಾರಿಯಲ್ಲಿ ಬಹಳ ಮೊದಲೇ ಹೆಜ್ಜೆಯಿಟ್ಟಿತ್ತು. ವಿ. ಬಿ. ಕರ್ತ, ಸಿ. ಸಂತೋಷ್ ಮೊದಲಾದವರ ತಂಡ ಪ್ರೋಟೀನುಗಳನ್ನು ಒಂದು ಸಪುರ ನಳಿಗೆಯಲ್ಲಿ ಹರಿಯಬಿಟ್ಟು ಬೇರ್ಪಡಿಸಿ, ಲೇಸರ್ ಬೆಳಕು ತಾಗಿಸಿ, ಅವು ಮಿನುಗುವುದನ್ನು ದಾಖಲಿಸುವ ವಿಧಾನವನ್ನು ರೂಪಿಸಿತು. ಬಾಯಿಯ ಕ್ಯಾನ್ಸರನ್ನು ಬೇಗನೆ ಗುರುತಿಸಲು ಇದನ್ನು ಬಳಸಬಹುದೆಂದು 2003ರಲ್ಲಿಯೇ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಅವರು ಬರೆದಿದ್ದರು. ಪ್ರತಿಯೊಂದು ಪ್ರೋಟೀನಿನ ಹೆಸರು ತಿಳಿಯದಿದ್ದರೂ, ರೋಗಿಯ ನಕ್ಷೆಗೂ ನಿರೋಗಿಯ ನಕ್ಷೆಗೂ ಇರುವ ವ್ಯತ್ಯಾಸದಿಂದಲೇ ತೀರ್ಮಾನಿಸುವ ಪ್ರಯತ್ನವಿದು.

ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದೊಡನೆ ಸೇರಿ 2014ರ ಮೇ ತಿಂಗಳಲ್ಲಿ ಮಾನವ ಪ್ರೋಟೀನುಗಳ ಕರಡು ನಕ್ಷೆಯನ್ನು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿತು. 17,294 ಜೀನುಗಳ ಪ್ರೋಟೀನುಗಳು ಅದರಲ್ಲಿ ದಾಖಲಾದವು. ತಲೆ, ಕೊರಳಿನ ಕ್ಯಾನ್ಸರ್ ಕೋಶಗಳು ಹೊರಸೂಸುವ ಪ್ರೋಟೀನುಗಳ ಬಗೆಗೂ ಈ ಸಂಸ್ಥೆ ಕೆಲಸ ಮಾಡಿದೆ. ಅಲ್ಲಿ ದುಡಿದ ಟಿ. ಎಸ್. ಕೇಶವ ಪ್ರಸಾದರು ಬಳಿಕ ಮಂಗಳೂರಿನ ಯೆನೆಪೋಯ ವಿಶ್ವವಿದ್ಯಾಲಯದಲ್ಲಿ ಇದೇ ವಿಜ್ಞಾನದ ಕೇಂದ್ರವನ್ನು ಮುನ್ನಡೆಸಿದರು. ತಲಪಾಡಿ ಗಡಿಯಿಂದ ಅಷ್ಟೇನೂ ದೂರವಲ್ಲದ ಜಾಗವದು.

ಹಾಗಾದರೆ ಪರೀಕ್ಷೆ ಎಲ್ಲಿ?

ಇಷ್ಟೆಲ್ಲ ಆದ ಮೇಲೂ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಜೊಲ್ಲಿನ ಪರೀಕ್ಷೆ ಏಕಿಲ್ಲ? ಇದು ವಿಜ್ಞಾನಿಗಳ ಸೋಮಾರಿತನವಲ್ಲ. ಇದರ ಹಿಂದೆ ಒಂದು ಲೆಕ್ಕವಿದೆ, ಓದುಗರು ತಾಳ್ಮೆಯಿಂದ ಗಮನಿಸಬೇಕು.

ನಾರಾಯಣಪೇಟೆ ಸೀಮೆಯ ಕೆಲವು ಹಳ್ಳಿಗಳಲ್ಲಿ ತಂಬಾಕು ಜಗಿಯುವ 10,000 ಮಂದಿ ಇದ್ದಾರೆಂದೂ ಅವರಲ್ಲಿ 10 ಮಂದಿಗೆ ರೋಗವಿದೆಯೆಂದೂ ಇಟ್ಟುಕೊಳ್ಳೋಣ. ಮೇಲೆ ಹೇಳಿದ ಐದು ಪ್ರೋಟೀನುಗಳ ಪರೀಕ್ಷೆಯನ್ನು ಎಲ್ಲರಿಗೂ ಮಾಡಿದರೆ 10ರಲ್ಲಿ 9 ಮಂದಿ ಸಿಕ್ಕುತ್ತಾರೆ. ಬಹಳ ಒಳ್ಳೆಯದು. ಆದರೆ ಉಳಿದ 9,990 ನಿರೋಗಿಗಳಲ್ಲಿ ಶೇಕಡಾ 17 ಮಂದಿಗೆ, ಅಂದರೆ ಸುಮಾರು 1,700 ಜನರಿಗೆ, ರೋಗವಿದೆಯೆಂಬ ಸುಳ್ಳು ಗಂಟೆ ಬಾರಿಸುತ್ತದೆ. ಒಂಬತ್ತು ಮಂದಿಗಾಗಿ ಸಾವಿರದ ಏಳುನೂರು ಮಂದಿ ಹೈದರಾಬಾದಿಗೆ ಓಡಬೇಕು, ದಿನಗೂಲಿ ಬಿಡಬೇಕು, ಬಸ್ಸಿನ ಹಣ ಹೊಂದಿಸಬೇಕು, ಮನೆಯವರು ರಾತ್ರಿ ನಿದ್ರೆಗೆಡಬೇಕು. ಕೈಮಗ್ಗದ ನೇಯ್ಗೆಯಲ್ಲಿ ದಿನ ತಪ್ಪಿದರೆ ಅನ್ನ ತಪ್ಪಿತು. ಎರಡು ಬಾರಿ ಇಂತಹ ಸುಳ್ಳು ಗಂಟೆ ಬಾರಿಸಿದರೆ ಮೂರನೆಯ ಬಾರಿ ನಿಜವಾದ ಗಂಟೆಯನ್ನೂ ಯಾರೂ ಕೇಳರು.

ಇನ್ನೊಂದು ತೊಡಕಿದೆ. ವಸಡು ಬಾತಿದ್ದರೂ, ಹಲ್ಲು ಹುಳುಕಾಗಿದ್ದರೂ, ಉರಿಯೂತಕ್ಕೆ ಸಂಬಂಧಿಸಿದ ಪ್ರೋಟೀನುಗಳು ಜೊಲ್ಲಿನಲ್ಲಿ ಹೆಚ್ಚುತ್ತವೆ. ಅಮೆರಿಕದ ನಗರವಾಸಿಗಳಲ್ಲಿ ಸರಿಯಾಗಿ ಕೆಲಸ ಮಾಡಿದ ಸೂಚಕ, ಎಲೆಯಡಿಕೆ ಸುಣ್ಣಗಳಿಂದ ಸದಾ ಕೆರಳಿರುವ ನಮ್ಮ ಬಾಯಿಗಳಲ್ಲಿ ತಪ್ಪು ದಾರಿ ತೋರಿಸಬಹುದು. ಜೊಲ್ಲನ್ನು ತೆಗೆದ ಹೊತ್ತು, ಉಂಡ ಊಟ, ಶೀತಲ ಪೆಟ್ಟಿಗೆಯಲ್ಲಿ ಇಟ್ಟ ಬಗೆ ಇವುಗಳಿಂದಲೂ ಫಲಿತಾಂಶ ಬದಲಾಗುತ್ತದೆ. ಕೃಷ್ಣಾ ತೀರದ ಬೇಸಗೆಯ ಬಿಸಿಲಿನಲ್ಲಿ, ಕರೆಂಟು ಹೋಗಿ ಬರುವ ಕಡೆ, ಇದು ಸಣ್ಣ ಮಾತಲ್ಲ. ಆದುದರಿಂದಲೇ ಬಯಾಪ್ಸಿಗೆ, ಅಂದರೆ ಒಂದು ಚೂರು ಮಾಂಸವನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಹಳೆಯ ಕ್ರಮಕ್ಕೆ, ಬದಲಾಗಿ ನಿಲ್ಲಬಲ್ಲ ಜೊಲ್ಲಿನ ಪರೀಕ್ಷೆ ಇನ್ನೂ ಬಂದಿಲ್ಲ.

ಆದರೆ ಲೆಕ್ಕವನ್ನು ಸ್ವಲ್ಪ ಬದಲಿಸಿ ನೋಡೋಣ. ಮೊದಲು ಆಶಾ ಕಾರ್ಯಕರ್ತೆ ಎಲ್ಲರ ಬಾಯಿಯನ್ನೂ ಕಣ್ಣಿನಿಂದ ನೋಡಿ, ಕಲೆ ಹುಣ್ಣುಗಳಿರುವ 300 ಮಂದಿಯನ್ನು ಆರಿಸಿದಳೆನ್ನಿ. ಹತ್ತು ರೋಗಿಗಳಲ್ಲಿ ಎಂಟು ಮಂದಿ ಆ ಗುಂಪಿನಲ್ಲಿದ್ದಾರೆನ್ನಿ. ಜೊಲ್ಲಿನ ಪರೀಕ್ಷೆಯನ್ನು ಇವರಿಗೆ ಮಾತ್ರ ಮಾಡಿದರೆ ಏಳು ಮಂದಿ ರೋಗಿಗಳು ಸಿಕ್ಕುತ್ತಾರೆ, ಸುಳ್ಳು ಗಂಟೆ ಸುಮಾರು 50ಕ್ಕೆ ಇಳಿಯುತ್ತದೆ. ಇದರಲ್ಲಿ ಮೂವರು ರೋಗಿಗಳು ತಪ್ಪಿಹೋಗುತ್ತಾರೆ, ಅದನ್ನು ಮರೆಯಬಾರದು. ಅದಕ್ಕಾಗಿಯೇ ತಪಾಸಣೆ ಮತ್ತೆ ಮತ್ತೆ ನಡೆಯಬೇಕು. ಆದರೂ ಹೈದರಾಬಾದಿಗೆ ಯಾರು ಈ ವಾರವೇ ಹೊರಡಬೇಕು, ಯಾರು ಊರಿನಲ್ಲೇ ಕಾದು ನೋಡಬಹುದು ಎಂದು ಹೇಳಬಲ್ಲ ಪರೀಕ್ಷೆಯಿಂದ ದೂರದ ಊರಿನವರಿಗೇ ಹೆಚ್ಚಿನ ಉಪಕಾರ. ಆಸ್ಪತ್ರೆಯ ಪಕ್ಕದಲ್ಲಿರುವವನಿಗಿಂತ ಗದ್ವಾಲದ ಹಳ್ಳಿಯವನಿಗೆ ಪ್ರೋಟೀನಿನ ಸೂಚಕ ಮುಖ್ಯವಾಗುವುದು ಈ ಕಾರಣಕ್ಕೆ.

ಕಹಿಯಾದರೂ ಹೇಳಬೇಕಾದ ಮಾತು

ಕಾಸರಗೋಡಿನ ಪತ್ರಿಕೆ ಬಾಯಿಯ ಕ್ಯಾನ್ಸರಿನ ಬಗ್ಗೆ ಬರೆದು ಅಡಿಕೆಯ ಮಾತು ಎತ್ತದಿದ್ದರೆ ಅದು ಅರ್ಧ ಸತ್ಯವಾದೀತು. ಅಡಿಕೆ ನಮ್ಮ ತೋಟ, ನಮ್ಮ ಮಕ್ಕಳ ಶಾಲೆಯ ಶುಲ್ಕ, ನಮ್ಮ ಮದುವೆಯ ತಟ್ಟೆಯಲ್ಲಿರುವ ಮಂಗಳದ್ರವ್ಯ. ಅದರ ವಿರುದ್ಧ ಒಂದು ಮಾತು ಬಂದರೂ ನಮಗೆ ನೋವಾಗುತ್ತದೆ. ಆದರೆ 1933ರಲ್ಲಿಯೇ ಅಂದಿನ ತಿರುವಾಂಕೂರಿನ ನೆಯ್ಯೂರು ಆಸ್ಪತ್ರೆಯ ವೈದ್ಯ ಓರ್ ಅವರು ಎಲೆಯಡಿಕೆ ಜಗಿಯುವವರ ಬಾಯಿಯ ಕ್ಯಾನ್ಸರಿನ ಬಗ್ಗೆ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಿದ್ದರು. ತಂಬಾಕು ಸೇರಿದಾಗ ಅಪಾಯ ಹಲವು ಪಟ್ಟು ಹೆಚ್ಚುತ್ತದೆ. ತಂಬಾಕು ಸೇರದಿದ್ದರೂ ಅಡಿಕೆ ಕ್ಯಾನ್ಸರುಕಾರಕವೆಂದು ಅಂತಾರಾಷ್ಟ್ರೀಯ ಸಂಸ್ಥೆ 2004ರ ತನ್ನ ಸಂಪುಟದಲ್ಲಿ ದಾಖಲಿಸಿತು. ಅಡಿಕೆಯಿಂದ ಕೆನ್ನೆಯ ಒಳಪದರ ಗಟ್ಟಿಯಾಗಿ, ಬಾಯಿ ತೆರೆಯಲಾಗದ ಸ್ಥಿತಿ ಬರುತ್ತದೆ. ಹದಿಹರೆಯದ ಗುಟ್ಕಾ ಚಟದವರಲ್ಲಿ ಇದನ್ನು ವೈದ್ಯರು ದಿನವೂ ಕಾಣುತ್ತಾರೆ.

ಜಗಿಯುವ ತಂಬಾಕು ಮತ್ತು ಅಡಿಕೆಯಿಂದಾಗಿ 2022ರಲ್ಲಿ ಭಾರತದಲ್ಲಿ ಸುಮಾರು 83 ಸಾವಿರ ಬಾಯಿಯ ಕ್ಯಾನ್ಸರುಗಳು ಉಂಟಾದವೆಂದು 2024ರ ಒಂದು ಅಧ್ಯಯನ ಲೆಕ್ಕ ಹಾಕಿದೆ. ಕೇರಳ 2012ರಲ್ಲಿಯೂ ಕರ್ನಾಟಕ 2013ರಲ್ಲಿಯೂ ಗುಟ್ಕಾವನ್ನು ನಿಷೇಧಿಸಿದವು. ತೆಲಂಗಾಣ 2024ರಲ್ಲಿ ಮತ್ತೊಮ್ಮೆ ನಿಷೇಧದ ಆದೇಶ ಹೊರಡಿಸಿತು. ಆದೇಶ ಹೊರಟಷ್ಟು ವೇಗವಾಗಿ ಅಂಗಡಿಯ ಮಾಲೆಗಳು ಇಳಿಯಲಿಲ್ಲ. ಬೆಳೆಗಾರನ ಹೊಟ್ಟೆಗೆ ಹೊಡೆಯದೆ ಜಗಿಯುವವನ ಜೀವ ಉಳಿಸುವ ದಾರಿಯನ್ನು ಸರಕಾರಗಳು ಹುಡುಕಬೇಕು. ಅಡಿಕೆ ಬೆಳೆಯುವ ನಾವೇ ಅದನ್ನು ಗಟ್ಟಿಯಾಗಿ ಕೇಳಬೇಕು.

ಅಲ್ಲಿಯ ತನಕ ಕನ್ನಡಿ ಸಾಕು

ಜೊಲ್ಲಿನ ಪರೀಕ್ಷೆ ಬರುವ ತನಕ ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲ. ನಮ್ಮ ಕೇರಳದಲ್ಲಿಯೇ ಅದಕ್ಕೆ ದೊಡ್ಡ ಸಾಕ್ಷಿಯಿದೆ. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದ ಆಶ್ರಯದಲ್ಲಿ 1996ರಲ್ಲಿ ಆರಂಭವಾದ ಅಧ್ಯಯನದಲ್ಲಿ 13 ಪಂಚಾಯತುಗಳ ಸುಮಾರು 1 ಲಕ್ಷ 90 ಸಾವಿರ ಮಂದಿ ಸೇರಿದ್ದರು. ಏಳು ಪಂಚಾಯತುಗಳಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದರು, ಆರರಲ್ಲಿ ನೋಡಲಿಲ್ಲ. ಪ್ರಯೋಗಶಾಲೆಯಿಲ್ಲ, ಲೇಸರಿಲ್ಲ; ಕಣ್ಣು ಮತ್ತು ಬೆಳಕು ಮಾತ್ರ. 2005ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ತಂಬಾಕು ಅಥವಾ ಮದ್ಯದ ಚಟವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಶೇಕಡಾ 34ರಷ್ಟು ಕಡಿಮೆಯಾಯಿತು.

ಮೂವತ್ತು ವರ್ಷ ದಾಟಿದವರ ಬಾಯಿಯನ್ನು ಐದು ವರ್ಷಕ್ಕೊಮ್ಮೆ ನೋಡಬೇಕೆಂದು ಕೇಂದ್ರ ಸರಕಾರದ 2016ರ ಮಾರ್ಗಸೂಚಿ ಹೇಳುತ್ತದೆ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ನಾಚಿಕೆಪಡದೆ ಬಾಯಿ ತೋರಿಸಿ. ತಿಂಗಳಿಗೊಮ್ಮೆ ಮನೆಯ ಹಿರಿಯರು ಬಾಯಿ ಮುಕ್ಕಳಿಸಿ, ಬಾಗಿಲ ಬೆಳಕಿಗೆ ಕನ್ನಡಿ ಹಿಡಿದು ಹೀಗೆ ನೋಡಿಕೊಳ್ಳಲಿ:

ತುಟಿಗಳನ್ನು ಮಗುಚಿ ಒಳಭಾಗ, ಬೆರಳಿನಿಂದ ಸರಿಸಿ ಎರಡೂ ಕೆನ್ನೆ, ಮುಖ್ಯವಾಗಿ ಎಲೆಯಡಿಕೆ ಇಟ್ಟುಕೊಳ್ಳುವ ಕಡೆ, ವಸಡು, ನಾಲಿಗೆಯ ಎರಡೂ ಅಂಚು, ನಾಲಿಗೆ ಎತ್ತಿ ಅದರ ಅಡಿ, ಅಂಗುಳ. ತಿಕ್ಕಿದರೆ ಹೋಗದ ಬಿಳಿ ಕಲೆ, ಮಖಮಲ್ಲಿನಂತಹ ಕೆಂಪು ಕಲೆ, ಎರಡು ವಾರವಾದರೂ ಮಾಯದ ಹುಣ್ಣು, ಕಾರಣವಿಲ್ಲದೆ ಅಲುಗಾಡುವ ಹಲ್ಲು, ಖಾರ ತಾಗಿದರೆ ಉರಿ, ಕೊರಳಲ್ಲಿ ಗಂಟು ಇವುಗಳಲ್ಲಿ ಯಾವುದಿದ್ದರೂ ವೈದ್ಯರನ್ನು ಕಾಣಬೇಕು. ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿದಾಗ ಬಾಯೊಳಗೆ ಹೋಗದಿದ್ದರೆ ಅದೂ ಎಚ್ಚರಿಕೆಯೇ. ನೋವಿಲ್ಲ ಎಂದು ಸುಮ್ಮನಿರಬಾರದು. ಆರಂಭದ ರೋಗ ಹೆಚ್ಚಾಗಿ ನೋಯುವುದಿಲ್ಲ. ಎಲ್ಲ ಕಲೆಯೂ ಕ್ಯಾನ್ಸರಲ್ಲ ಎಂಬುದನ್ನೂ ನೆನಪಿಡಬೇಕು.

ತಿಳಿಯುವ ಭಾಷೆಯಲ್ಲಿ ಹೇಳಿ

ಮೇಲಿನ ಕೆಲವು ಸಾಲುಗಳನ್ನು ಓದಿ ತಿಳಿದುಕೊಳ್ಳಲು ಓದುಗರಿಗೆ ಕಷ್ಟವಾಗಲಿಲ್ಲ, ಏಕೆಂದರೆ ಅವು ಕನ್ನಡದಲ್ಲಿದ್ದವು. ಇದೇ ಎಚ್ಚರಿಕೆಯನ್ನು ಮಕ್ತಲಿನ ಕನ್ನಡದ ಅಜ್ಜಿಗೆ ತೆಲುಗು ಭಿತ್ತಿಪತ್ರದಲ್ಲಿ, ಮಂಜೇಶ್ವರದ ಕನ್ನಡದ ಅಜ್ಜಿಗೆ ಮಲಯಾಳ ಕರಪತ್ರದಲ್ಲಿ ಕೊಟ್ಟರೆ ಅದು ಕಾಗದದಲ್ಲಿಯೇ ಉಳಿಯುತ್ತದೆ. ಸಂಶೋಧನೆಗೆ ಜೊಲ್ಲು ಕೊಡುವವರಿಂದ, ಅವರಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿಯೇ ಒಪ್ಪಿಗೆ ಪಡೆಯಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನಿಯಮ. ಆ ನಿಯಮ ಗಡಿಯ ಊರುಗಳಲ್ಲಿಯೂ ಪಾಲನೆಯಾದರೆ ಎರಡು ಲಾಭ: ನಮ್ಮವರಿಗೆ ತಿಳಿವಳಿಕೆ, ವಿಜ್ಞಾನಿಗಳಿಗೆ ನಮ್ಮವರ ಬಾಯಿಯ ನಿಜವಾದ ಲೆಕ್ಕ. ನಮ್ಮಂತಹವರ ಜೊಲ್ಲು ಪರೀಕ್ಷೆಗೆ ಸೇರದೆ ತಯಾರಾದ ಸೂಚಕ ನಮಗೆ ಒಪ್ಪುತ್ತದೆಂದು ಹೇಳಲಾಗದು.

ನಾರಾಯಣಪೇಟೆ, ಗದ್ವಾಲ ಜಿಲ್ಲೆಗಳ ಕನ್ನಡ ಹಳ್ಳಿಗಳಲ್ಲಿ ಬಾಯಿ ತಪಾಸಣೆಯ ಕರಪತ್ರ ಕನ್ನಡದಲ್ಲಿ ಸಿಗಲಿ. ಕಾಸರಗೋಡಿನ ಆರೋಗ್ಯ ಕೇಂದ್ರಗಳಲ್ಲಿಯೂ ಸಿಗಲಿ. ಗಡಿ ದಾಟಿದ ರೋಗಿಯ ಕಾರ್ಡನ್ನು ನೆರೆಯ ರಾಜ್ಯ ಗೌರವಿಸಲಿ. ಮಣಿಪಾಲ, ಮಂಗಳೂರು, ಬೆಂಗಳೂರು, ಹೈದರಾಬಾದುಗಳ ಸಂಶೋಧಕರು ತಮ್ಮ ಪುಟ್ಟ ಸೀಸೆಗಳೊಡನೆ ಈ ಊರುಗಳಿಗೂ ಬರಲಿ. ಇವು ನಮ್ಮ ಬೇಡಿಕೆಗಳು. ಬೇಡಿಕೆ ಈಡೇರುವವರೆಗೆ ಕಾಯದೆ ಮಾಡಬಹುದಾದ ಕೆಲಸ ಒಂದಿದೆ: ಮನೆಯಲ್ಲಿ ಎಲೆಯಡಿಕೆ, ತಂಬಾಕು ಜಗಿಯುವ ಹಿರಿಯರಿದ್ದರೆ, ಅವರನ್ನು ಬೆಳಕಿಗೆ ಕೂರಿಸಿ ಬಾಯಿ ನೋಡಿ. ಎರಡು ನಿಮಿಷದ ಕೆಲಸ, ಇಂದೇ ಆಗಲಿ.